ನಡುಗಡ್ಡೆಯ ಆಷಾಢ

ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಇಬ್ಬರೇ ಎಲ್ಲಿಗಾದರೂ ಹೋಗಿ ಬರಬೇಕೆಂಬುದು ಈಗಿನ ಕಾಲದ ಪದ್ಧತಿ. ಪುಕ್ಕಟೆ ಬಂದ ತಿಕೀಟನ್ನು ಹಾಳು ಮಾಡಬಾರದೆಂಬುದು ಅಮರಗೋಳದ ವ್ಯಾಪಾರಸ್ಥರ ಪದ್ಧತಿ. ಎರಡೂ ಒಂದೇ ಮನೆಯಲ್ಲಿ ಕೂಡಿದ್ದರಿಂದ ವಾಣಿಶ್ರೀ ತನ್ನ ಹನಿಮೂನಿಗೆ ಅತ್ತೆಯನ್ನೂ ಕರೆದುಕೊಂಡು ಹೋಗಬೇಕಾಯಿತು.

ಆದದ್ದು ಇಷ್ಟು. ಮಾವ ಶಾಂತಯ್ಯನವರದು ಅಮರಗೋಳದ ಮಾರ್ಕೆಟ್ ಯಾರ್ಡಿನ ಎದುರಿಗೆ ಬೀಜದ ಅಂಗಡಿ. ಚೆನ್ನಾಗಿ ಬೀಜ ಮಾರಿದ ಅಂಗಡಿಯವರಿಗೆ ಕಂಪನಿಯವರು ಒಂದು ಪ್ರವಾಸ ಕೊಡುವುದುಂಟು. ಈ ಸಲ ಅಂಡಮಾನು, ಎರಡು ಜೋಡಿಗೆ. ಮಗ ಶಿವಯೋಗೀಶನ ಮದುವೆ ಆಗಷ್ಟೇ ಆಗಿತ್ತು, ಒಂದು ಜೋಡಿ ಸಿದ್ಧವೇ ಇತ್ತು. ಇನ್ನೊಂದು ಜೋಡಿಗೆ ಶಾಂತಯ್ಯನವರು ಬರುವಂತಿರಲಿಲ್ಲ. ಮುಂಗಾರಿ ಬಿತ್ತಿಗೆಯ ಹೊತ್ತಿನಲ್ಲಿ ಬೀಜದಂಗಡಿ ಬಿಟ್ಟು ತಿರುಗಾಡುವವನನ್ನು ಆ ಸಾಲಿನಲ್ಲಿ ಯಾರೂ ವ್ಯಾಪಾರಸ್ಥ ಎನ್ನುವುದಿಲ್ಲ. ಮಗ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಎಂಬುದು ಅವರ ಅಭಿಪ್ರಾಯ. "ಒಂದು ತಿಕೀಟ ಹೋದ್ರ ಹೋಗ್ಲಿ, ಎರಡೂ ಯಾಕ ಹಾಳ ಮಾಡೂದು? ನೀ ಹೋಗಿ ಬಾ" ಎಂದು ಹೆಂಡತಿ ಶಿವಬಸವ್ವನಿಗೆ ಅಪ್ಪಣೆ ಮಾಡಿದರು. ಶಿವಬಸವ್ವ ಮೂರು ಜನಕ್ಕಾಗುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೇಬಿಟ್ಟರು.

ವಾಣಿಶ್ರೀ ಧಾರವಾಡದ ಮಾಳಮಡ್ಡಿಯ ಹುಡುಗಿ. ಪೋಸ್ಟ್ ಮಾಸ್ತರರ ಮಗಳು. ಕಣ್ಣು ತಪಾಸಣೆಯ ಕೋರ್ಸು ಓದಿ ಹುಬ್ಬಳ್ಳಿಯ ಒಂದು ಕಣ್ಣಿನ ದವಾಖಾನೆಯಲ್ಲಿ ಕನ್ನಡಕದ ನಂಬರು ತೆಗೆಯುವ ಕೆಲಸ ಹಿಡಿದಿದ್ದಳು. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿಗೆ ದಿನಾ ಹೋಗಿ ಬರುತ್ತಿದ್ದಳು. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಒಮ್ಮೆ ಉಪ್ಪಿನಬೆಟಗೇರಿಯ ಕ್ಯಾಂಪಿನಲ್ಲಿ ಕಸ್ತೂರೆವ್ವ ಎಂಬ ಮುದುಕಿಯ ಮೂಗಿನ ಮೇಲೆ ಕನ್ನಡಕ ಇಟ್ಟಾಗ, ಆಕೆ ಪಕ್ಕದವಳ ಮೊರ ಕಸಿದುಕೊಂಡು ಅಕ್ಕಿಯೊಳಗಿನ ಹರಳು ಕಂಡು, "ಅಯ್ಯ ನನ್ನವ್ವಾ, ಇಷ್ಟ ವರ್ಷ ಬರೇ ಹಳ್ಳಽ ತಿಂದೇನಲ್ಲ!" ಎಂದು ಕೂಗಿದ್ದಳು. ಆ ಕೂಗು ವಾಣಿಶ್ರೀಯ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಈ ಕೆಲಸ ಬಿಡಲಾರೆ ಎಂದು ಅವಳು ತೀರ್ಮಾನ ಮಾಡಿದ್ದು ಅಂದೇ.

ಹೆಣ್ಣು ನೋಡಲು ಬಂದಾಗ ಅವಳು ಕೇಳಿದ್ದೂ ಅದೊಂದನ್ನೇ. ಶಿವಯೋಗೀಶ ಮೆತ್ತಗೆ ನಕ್ಕು, "ಅದೇನ ದೊಡ್ಡ ಮಾತು? ಅವ್ವಗ ನಾ ಹೇಳ್ತೇನಿ" ಎಂದಿದ್ದ. ನಿಶ್ಚಯವಾದ ಮೇಲೆ ಕೇಳಿದರೆ, "ಹೇಳೇನಿ, ವಿಚಾರ ಮಾಡ್ತೇನಿ ಅಂದಾಳ" ಎಂದ. ಮದುವೆಯಾದ ಮೇಲೆ ಕೇಳಿದರೆ, "ಇನ್ನೂ ವಿಚಾರ ಮಾಡಾಕತ್ತಾಳ" ಎಂದ. ಇಷ್ಟು ದಿನ ವಿಚಾರ ಮಾಡುವ ಅತ್ತೆ ಎಂಥ ಗಟ್ಟಿಗಿತ್ತಿಯೋ ಎಂದು ವಾಣಿಶ್ರೀ ಒಳಗೊಳಗೇ ಅಂಜಿದ್ದಳು. ಆದರೂ ಅವಳ ಬಳಿ ಒಂದು ಲೆಕ್ಕಾಚಾರವಿತ್ತು. ಮಣ್ಣೆತ್ತಿನ ಅಮಾವಾಸ್ಯೆ ಮುಗಿದರೆ ಆಷಾಢ. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ತುಳಿಯಬಾರದು, ಒಂದೇ ಮನೆಯಲ್ಲಿ ಇರಬಾರದು. ಸೊಸೆ ತವರಿಗೆ ಹೋಗಲೇಬೇಕು. ತವರಿನಿಂದ ಕೆಲಸಕ್ಕೆ ಹೋಗಲು ಯಾರ ಅಪ್ಪಣೆ ಬೇಕು? ಶ್ರಾವಣ ಬರುವಷ್ಟರಲ್ಲಿ ಗಂಡ ಹೇಗಾದರೂ ಅತ್ತೆಯನ್ನು ಒಪ್ಪಿಸಿಯಾನು. ಹೊಸ ಮದುಮಗಳು ಆಷಾಢ ಯಾವಾಗ ಬಂದೀತೆಂದು ಹಂಬಲಿಸಿದ್ದು ಬಹುಶಃ ಇವಳೊಬ್ಬಳೇ ಇರಬೇಕು.

ನಡುಗಡ್ಡೆ ಚೆಂದವಿತ್ತು, ಸುಳ್ಳು ಹೇಳಬಾರದು. ಬೆಳ್ಳನೆಯ ಉಸುಕು, ಹಸಿರು ನೀರು, ತೆಂಗಿನ ಮರಗಳ ನಡುವೆ ಕಟ್ಟಿಗೆಯ ಸಣ್ಣ ಸಣ್ಣ ಮನೆಗಳು. ಹಾಸಿಗೆಯ ಮೇಲೆ ಟವೆಲ್ ಮಡಚಿ ಎರಡು ಹಂಸ ಮಾಡಿ ಗುಲಾಬಿ ಪಕಳೆ ಚೆಲ್ಲಿದ್ದರು. ಪಕ್ಕದ ಮನೆಯಲ್ಲಿ ಒಬ್ಬರೇ ಮಲಗುವ ಶಿವಬಸವ್ವನ ಹಾಸಿಗೆಯ ಮೇಲೂ ಅದೇ ಹಂಸಗಳು. "ಛಲೋ ಟಾವೆಲ್ಲಿಗೆ ಇದೇನ ಗತಿ" ಎಂದು ಅವರು ಹಂಸಗಳನ್ನು ಬಿಡಿಸಿ, ಝಾಡಿಸಿ, ಹಗ್ಗಕ್ಕೆ ಹಾಕಿದರು.

ಎಲ್ಲಿ ಹೋದರೂ ಮೂವರು. ಗಾಜಿನ ತಳದ ದೋಣಿಯಲ್ಲಿ ಶಿವಬಸವ್ವ ಕಣ್ಣು ಮುಚ್ಚಿ ಶಿವ ಶಿವ ಎನ್ನುತ್ತ ನಡುವೆ ಕುಳಿತರು. ಸೂರ್ಯ ಮುಳುಗುವ ಫೋಟೋದಲ್ಲೂ ನಡುವೆ ನಿಂತರು. ಗಂಡನ ಜೊತೆ ಒಂದು ಗಳಿಗೆ ಸಿಗದಿದ್ದರೆ ಹೋಗಲಿ, ಅತ್ತೆಯ ಜೊತೆಯಾದರೂ ಕುಳಿತು ಮಾತು ತೆಗೆಯೋಣವೆಂದರೆ ಅದಕ್ಕೂ ಆಸ್ಪದವಿಲ್ಲ. ಶಿವಯೋಗೀಶ ಇಬ್ಬರನ್ನೂ ಬಿಟ್ಟು ಅಲುಗುತ್ತಿರಲಿಲ್ಲ. ಎಂಥ ಪ್ರೀತಿಯ ಮನುಷ್ಯ ಎಂದುಕೊಂಡಳು ಪಾಪದ ಹುಡುಗಿ.

ಊರಿಗೆ ಹೊರಡಬೇಕಾದ ದಿನ ಮಳೆ ಗಾಳಿ ಹಿಡಿಯಿತು. ಸಮುದ್ರ ಎದ್ದು ಕುಣಿಯತೊಡಗಿತು, ದೋಣಿಗಳು ಬಂದ್. ಕರೆಂಟು ಹೋಯಿತು, ಫೋನೂ ಹೋಯಿತು. ಮರುದಿನ ತೆಂಗಿನ ಮರವೊಂದು ಬಿದ್ದು ಶಿವಬಸವ್ವನ ಮನೆಯ ಮಾಡು ಮುರಿಯಿತು. ಆಗ ಅವರು ಹೊರಗಿದ್ದರು, ದೇವರು ದೊಡ್ಡವನು. ಸಿಕ್ಕಿಬಿದ್ದ ಪ್ರವಾಸಿಗರಿಂದ ಬೇರೆ ಮನೆಗಳೆಲ್ಲ ತುಂಬಿದ್ದವು. ಮೂವರಿಗೂ ಒಂದೇ ಕೋಣೆ. ಊಟದ ಮನೆಯಲ್ಲಿ ಮೂರು ಹೊತ್ತೂ ಮೀನಿನ ವಾಸನೆ, ಕೋಣೆಯಲ್ಲಿ ಅಳಿದುಳಿದ ರೊಟ್ಟಿ. ವಾಣಿಶ್ರೀಯ ರಜೆ ಮುಗಿಯುತ್ತ ಬಂದಿತ್ತು, ದವಾಖಾನೆಗೆ ಒಂದು ಮಾತು ತಿಳಿಸೋಣವೆಂದರೆ ಫೋನಿಲ್ಲ. ಕಿಟಕಿಯಲ್ಲಿ ನೋಡಿದರೆ ನೀರು, ಬಾಗಿಲಲ್ಲಿ ನೋಡಿದರೂ ನೀರು.

ಅಮಾವಾಸ್ಯೆಯೂ ಅಲ್ಲಿಯೇ ಬಂತು. ಮಣ್ಣೆತ್ತು ಮಾಡದೆ ಅನ್ನ ಮುಟ್ಟುವುದಿಲ್ಲವೆಂದು ಶಿವಬಸವ್ವ ಹಟ ಹಿಡಿದರು. ಉಸುಕು ಹಿಡಿದು ಹಿಚುಕಿದರೆ ಬೆರಳ ಸಂದಿಯಲ್ಲಿ ಸೋರಿಹೋಯಿತು. "ಎಂಥಾ ದೇಶ ಇದು, ಒಂದ ಎತ್ತಿಗಾಗುವಷ್ಟ ಮಣ್ಣಿಲ್ಲ" ಎಂದು ಬೈದುಕೊಂಡರು. ಕೊನೆಗೆ ನಡುಗಡ್ಡೆಯ ಒಳಭಾಗದಲ್ಲಿ ಭತ್ತದ ಗದ್ದೆಗಳಿವೆಯೆಂದು ಕೇಳಿ, ಬಚ್ಚಲಿನ ಮಗ್ಗು ಹಿಡಿದು ಸೊಸೆಯೊಂದಿಗೆ ಹೊರಟರು. ಅಮರಗೋಳದಲ್ಲಿ ಓಣಿಯ ತುದಿಗೂ ಗಾಡಿ ಹತ್ತುವ ಶಿವಯೋಗೀಶ ಅಂದು ಮಳೆಯಲ್ಲಿ ತೊಯ್ಯುತ್ತ ಹಿಂದೆಯೇ ನಡೆದ. ತಂದ ಕೆಸರಿನಲ್ಲಿ ಒಂದು ಜೋಡಿ ಎತ್ತು ಎದ್ದವು. ಸಜ್ಜಿ ರೊಟ್ಟಿಗೆ ಹಚ್ಚಿದ್ದ ಎಳ್ಳು ಕಿತ್ತು ವಾಣಿಶ್ರೀ ಕಣ್ಣು ಇಟ್ಟಳು. "ಕಣ್ಣಿಡೂದ ನಿನಗ ಬರ್ತೈತಿ ಬಿಡ" ಎಂದರು ಅತ್ತೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಶಿವಯೋಗೀಶ, "ಅವ್ವಾ, ಊದಿನಕಡ್ಡಿ ಎಲ್ಲಿಟ್ಟಿ?" ಎಂದು ನಡುವೆ ಬಂದ.

ಮರುದಿನ ಬೆಳಗಾದರೆ ಆಷಾಢ. ಮುಖ ತೊಳೆಯಲು ಹೊರಗೆ ಹೋದ ಶಿವಬಸವ್ವ ಮತ್ತೆ ಒಳಗೆ ಬರಲಿಲ್ಲ.

"ಅತ್ತೀ, ಮಳ್ಯಾಗ ಯಾಕ ನಿಂತೀರಿ? ಒಳಗ ಬರ್ರಿ."

"ಆಷಾಢ ಹತ್ತೇತಿ, ತಂಗಿ. ನೀ ಒಳಗಿದ್ದೀ. ನಾ ಹೆಂಗ ಬರಲಿ?"

ಹಿರಿಯರನ್ನು ಮಳೆಯಲ್ಲಿ ನಿಲ್ಲಿಸಿ ಒಳಗೆ ಕೂಡ್ರುವುದು ಹೇಗೆ? ವಾಣಿಶ್ರೀ ಹೊರಗೆ ಬಂದು, "ನೀವು ಒಳಗ ಹೋಗ್ರಿ" ಎಂದಳು. ಸೊಸೆ ತುಳಿದ ಹೊಸ್ತಿಲು, ನಾನು ತುಳಿಯಲಾರೆ ಎಂದು ಅವರು. ಹಾಗಾದರೆ ನಾನೂ ತುಳಿಯುವುದಿಲ್ಲ ಎಂದು ಇವಳು. ಆಚಾರವೆಂಬುದು ನೋಡಿ, ಯಾರನ್ನು ದೂರ ಇಡಬೇಕೋ ಅವರಿಬ್ಬರನ್ನೇ ಒಂದು ಕೊಡೆಯ ಕೆಳಗೆ ನಿಲ್ಲಿಸಿತು. ದೋಣಿ ನಿಲ್ಲುವ ಹಲಗೆಯ ದಕ್ಕೆಯ ಬಳಿ ಕಾಯುವವರಿಗೆ ಒಂದು ತಗಡಿನ ಚಪ್ಪರವಿತ್ತು. ಶಿವಬಸವ್ವ ಅದನ್ನು ಸುತ್ತಲೂ ನೋಡಿ ತೀರ್ಪು ಕೊಟ್ಟರು: "ಗ್ವಾಡಿ ಇಲ್ಲ, ಹೊಸ್ತಲಾ ಇಲ್ಲ. ಇದು ಮನಿ ಅಲ್ಲ. ಬಸ್ ಸ್ಟ್ಯಾಂಡಿಗೆ ಆಷಾಢ ಹತ್ತೂದಿಲ್ಲ."

ಶಿವಯೋಗೀಶನೂ ಬಂದು ಕುಳಿತ. ಆದರೆ ನಿನ್ನೆ ತೊಯ್ದದ್ದಕ್ಕೆ ನೆಗಡಿ ಹಿಡಿದಿತ್ತು, ಸೀನಿ ಸೀನಿ ಸುಸ್ತಾಗಿದ್ದ. "ಹೋಗಿ ಮಕ್ಕೋ, ಹೋಗ" ಎಂದು ತಾಯಿ ಗದರಿಸಿ ಕಳಿಸಿದರು. ಹಿಂದಿರುಗಿ ಹಿಂದಿರುಗಿ ನೋಡುತ್ತ ಹೋದ.

ಅತ್ತೆ ಸೊಸೆ ಚಪ್ಪರದ ಕಲ್ಲಿನ ಮೇಲೆ ಸಮುದ್ರ ನೋಡುತ್ತ ಕುಳಿತರು. ಮಾತು ತೆಗೆದದ್ದು ಶಿವಬಸವ್ವನೇ.

"ಖರೇ ಹೇಳ್ತೇನಿ, ನೀ ಕೆಲಸ ಬಿಟ್ಟಿದ್ದು ನನಗ ಖುಷಿ ಆತು. ಮನಿ ತುಂಬತೈತಿ. ಆದ್ರ ಇಷ್ಟ ಓದಿದಾಕಿ, ತಾನಾಗೇ ಹೆಂಗ ಬಿಟ್ಟಳೋ ಅನಸ್ತೈತಿ ನೋಡು."

ವಾಣಿಶ್ರೀಗೆ ಗಾಳಿಯ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ ಎನಿಸಿತು. "ಯಾರು ಬಿಟ್ಟಾರ್ರಿ ಕೆಲಸ?"

"ನೀನಽ. ಮದುವಿ ಮುಂದ ಕೆಲಸ ಬಿಡ್ತೇನಿ ಅಂದಿಯಂತ. ಶಿವಯೋಗಿ ದವಾಖಾನಿಗೆ ಹೋಗಿ ದೊಡ್ಡ ಡಾಕ್ಟರಿಗೆ ಹೇಳಿ ಬಂದಾನಲ್ಲ, ಇನ್ನ ಮ್ಯಾಲೆ ಆಕಿ ಬರೂದಿಲ್ಲ ಅಂತ."

"ನಾ ಅಂದಿಲ್ಲರಿ, ಅತ್ತೀ. ನೀವು ವಿಚಾರ ಮಾಡಾಕತ್ತೀರಿ ಅಂತ ನನಗ ಹೇಳ್ಯಾರ."

"ನಾ ಏನ ವಿಚಾರ ಮಾಡಲಿ? ನನ್ನ ಯಾರು ಕೇಳ್ಯಾರ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವನ ನೆರಳಿನಂಥ ಪ್ರೀತಿ ಏನೆಂಬುದು ವಾಣಿಶ್ರೀಗೆ ಆಗ ತಿಳಿಯಿತು. ಅತ್ತೆ ಸೊಸೆ ಮಾತಾಡದಂತೆ ಇಲ್ಲಿ ಅವನೇ ಕಾವಲು ಕಾಯ್ದ. ಊರು ಮುಟ್ಟಿದ ಮೇಲೆ ಆ ಕಾವಲಿನ ಕೆಲಸ ಆಷಾಢ ಮಾಡುತ್ತಿತ್ತು. ದವಾಖಾನೆಯಲ್ಲಿ ಸುದ್ದಿ ತಿಳಿದರೂ ಅವ್ವನೇ ಬಿಡಿಸಿದಳು ಎನ್ನುತ್ತಿದ್ದ, ಹೌದೋ ಅಲ್ಲವೋ ಎಂದು ಕೇಳಲು ಅತ್ತೆ ಎದುರಿಗೆ ಇರುತ್ತಿರಲಿಲ್ಲ. ಶ್ರಾವಣದ ಹೊತ್ತಿಗೆ ದವಾಖಾನೆಯವರು ಬೇರೆಯವರನ್ನು ತೆಗೆದುಕೊಂಡಿರುತ್ತಿದ್ದರು.

ಅವಳಿಗೆ ಸಿಟ್ಟು ಬಂತು. ತವರಿಗೆ ಹೊರಟೆ ಎಂದು ಎದ್ದು ದಕ್ಕೆಯ ಮೇಲೆ ದಡದಡ ನಡೆದಳು. ಹಲಗೆಗಳು ಮುಗಿದವು. ಮುಂದೆ ನೀರು, ಅದರಾಚೆಗೂ ನೀರು. ಸಿಟ್ಟು ಮಾಡಿಕೊಂಡು ಹೋಗಲಿಕ್ಕೂ ಒಂದು ರಸ್ತೆ ಬೇಕಲ್ಲ! ಅಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಮೈಯೆಲ್ಲ ತೊಯ್ದ ಮೇಲೆ ತಿರುಗಿ ಅದೇ ಚಪ್ಪರಕ್ಕೆ ಬಂದು, ಅದೇ ಕಲ್ಲಿನ ಮೇಲೆ, ಅದೇ ಅತ್ತೆಯ ಪಕ್ಕದಲ್ಲಿ ಕುಳಿತಳು.

ಶಿವಬಸವ್ವ ಸೆರಗಿನಿಂದ ಅವಳ ತಲೆ ಒರೆಸಿದರು. "ಖರೇ ಅಂದ್ರ, ಅವ ಕೇಳಿದ್ರ ನಾ ಬ್ಯಾಡಽ ಅಂತಿದ್ದೆ. ಸೊಸಿ ಮನ್ಯಾಗಿರಬೇಕು ಅಂತನಽ ನನ್ನ ಆಸೆ. ಆದ್ರ ಬ್ಯಾಡ ಅನ್ನಾಕರ ನನ್ನ ಕೇಳಬೇಕಲ್ಲ? ನಮ್ಮ ಮನಿಯವ್ರದೂ ಇದಽ ರೂಢಿ. ತಮಗ ಮನಸ್ಸಿಲ್ಲದ್ದಕ್ಕೆಲ್ಲಾ ಶಿವಬಸವ್ವ ಒಪ್ಪೂದಿಲ್ಲ ಅಂತ ಹೇಳಿ ಕಳಸ್ತಾರ. ಓಣ್ಯಾಗ ಎಲ್ಲಾರೂ ನನ್ನ ಜಗಳಗಂಟಿ ಅಂತಾರ. ನಾ ಮಾತಾಡಿದ್ದಽ ಇಲ್ಲ."

ಅಷ್ಟರಲ್ಲಿ ಶಿವಯೋಗೀಶ ಎರಡು ಕಪ್ಪು ಚಹಾ ಹಿಡಿದು ಬಂದ. ಇಬ್ಬರೂ ಒತ್ತಿ ಕುಳಿತದ್ದನ್ನು ನೋಡಿ ಅವನ ಮುಖ ಸಪ್ಪಗಾಯಿತು.

"ಏನ ಮಾತಾಡಾಕತ್ತೀರಿ ಇಬ್ಬರೂ?"

"ನಿನ್ನ ಸುದ್ದಿನಽ" ಎಂದರು ತಾಯಿ.

ಚಹಾ ಅವನ ಕೈಯಲ್ಲೇ ಆರಿತು. ಅವನು ಕೆಟ್ಟವನಲ್ಲ. ಎಲ್ಲರಿಗೂ ಹೌದು ಎನ್ನುವ ಮನುಷ್ಯ, ಅಂಥವನ ಕೈಗೆ ಸಿಕ್ಕವರ ಪಾಡು ಕೆಟ್ಟವನ ಕೈಗೆ ಸಿಕ್ಕವರಿಗಿಂತ ಕಷ್ಟ. "ಜಗಳ ಆಗಬಾರದು ಅಂತ ಹೇಳಿದೆ, ವಾಣಿ. ನಿನಗೂ ಬ್ಯಾಸರಾಗಬಾರದು, ಅವ್ವಗೂ ಆಗಬಾರದು ಅಂತ..."

"ನನಗ ಬ್ಯಾಸರಾಗಬಾರದಂತ ನನ್ನ ಕೆಲಸ ತೆಗದ್ರೇನು?" ಎಂದಳು ವಾಣಿಶ್ರೀ. ಅವನು ಎರಡು ಸಲ ಸೀನಿದ. ಹೇಗೂ ನೆಗಡಿ ಇತ್ತು.

ಗಾಳಿ ಬಿಡುವವರೆಗೂ ಮೂವರೂ ಅಲ್ಲಿಯೇ ಇರಬೇಕಾಯಿತು. ಹೆಂಗಸರು ಹಗಲೆಲ್ಲ ಚಪ್ಪರದಲ್ಲಿ ಕುಳಿತರು. ಮಲಗಲು ವಾಣಿಶ್ರೀಗೆ ಕೋಣೆ, ಶಿವಬಸವ್ವನಿಗೆ ಊಟದ ಮನೆಯ ಬೆಂಚು. ತಾಯಿಯನ್ನು ಒಬ್ಬರೇ ಬಿಡಬಾರದೆಂದು ಶಿವಯೋಗೀಶನೂ ಬೆಂಚಿಗೆ ಹೋದ. ಹೆಂಡತಿ ಬೇಡವೆನ್ನಲಿಲ್ಲ. ಹನಿಮೂನಿನ ಕೋಣೆಯಲ್ಲಿ ಮದುಮಗಳು ಒಬ್ಬಳೇ ಮಲಗಿ ಅಲೆಗಳ ಸದ್ದು ಕೇಳಿದಳು.

ದೋಣಿ ಬಂದ ದಿನ ಫೋನೂ ಜೀವ ಹಿಡಿಯಿತು. ವಾಣಿಶ್ರೀ ಮೊದಲು ಮಾತಾಡಿದ್ದು ದವಾಖಾನೆಯ ಗೆಳತಿ ಯಾಸ್ಮಿನಳ ಜೊತೆ. "ನೀ ಬಿಟ್ಟಿ ಅಂತ ನಾ ಸಿಟ್ಟಾಗಿದ್ದೆ. ನಿನ್ನ ಜಾಗಾಕ್ಕ ಯಾರೂ ಬಂದಿಲ್ಲ ಇನ್ನೂ, ಹುಡಕಾಕತ್ತಾರ. ಬರೂದಿದ್ರ ಲಗೂ ಬಾ. ಆದ್ರ ದೊಡ್ಡ ಡಾಕ್ಟರು, ಬರೂದಿಲ್ಲ ಅಂತ ಹೇಳಿ ಹೋದಾವಽ ಬಂದು ಬರ್ತಾಳ ಅಂತ ಹೇಳಲಿ ಅಂತಾರ" ಎಂದಳು ಅವಳು.

ಹುಬ್ಬಳ್ಳಿಯ ವಿಮಾನ ನಿಲ್ದಾಣದ ಹೊರಗೆ ಎರಡು ಕಾರು ನಿಂತಿದ್ದವು. ಆಷಾಢವಲ್ಲವೇ, ಒಂದು ಅಮರಗೋಳಕ್ಕೆ, ಒಂದು ಮಾಳಮಡ್ಡಿಗೆ. ಶಿವಬಸವ್ವ ಉಳಿದ ಚಟ್ನಿಯ ಡಬ್ಬಿಯನ್ನು ಸೊಸೆಯ ಚೀಲಕ್ಕೆ ತುರುಕಿ, ತಮ್ಮ ಕಾರಿನಲ್ಲಿ ಕುಳಿತರು. ಶಿವಯೋಗೀಶ ಹೆಂಡತಿಯ ಬಳಿ ಬಂದು, "ಶ್ರಾವಣದಾಗ ಕರಿಯಾಕ ಬರ್ತೇನಿ" ಎಂದ, ಏನೂ ಆಗಿಲ್ಲವೆಂಬಂತೆ.

"ಶ್ರಾವಣ ಬಂತಂತ ಬರಬ್ಯಾಡ್ರಿ" ಎಂದಳು ವಾಣಿಶ್ರೀ. ಚೀಲ ಹೆಗಲಿಗೆ ಏರಿಸಿಕೊಂಡಳು. "ಯಾವ ಬಾಯಿಲೆ ಆಕಿ ಬರೂದಿಲ್ಲ ಅಂತ ಹೇಳಿದ್ರೋ, ಅದಽ ಬಾಯಿಲೆ ಬರ್ತಾಳ ಅಂತ ಡಾಕ್ಟರಿಗೆ ಹೇಳ್ರಿ. ಆ ಮ್ಯಾಲೆ ಬರ್ರಿ. ಅಲ್ಲೀತನಕ ನನಗ ಆಷಾಢನಽ."

ಅವನು ಅಭ್ಯಾಸದಂತೆ ತಾಯಿಯ ಕಡೆಗೆ ತಿರುಗಿದ. "ಅವ್ವಾ, ನೀನರ ಹೇಳ ಆಕಿಗೆ."

ಶಿವಬಸವ್ವ ಕಾರಿನ ಕಿಟಕಿಯಿಂದ ಮಗನನ್ನು ನೋಡಿದರು. "ನನ್ನ ಯಾಕ ಕೇಳ್ತೀ?" ಎಂದರು. "ಆಷಾಢದಾಗ ಅತ್ತಿ ಸೊಸಿ ಮಾತಾಡೂದಿಲ್ಲ."

ಹಾಗೆಂದವರು ಗಾಜು ಏರಿಸಿ, ಚಾಲಕನಿಗೆ ನಡಿ ಎಂದರು.