ತಕರಾರಿನ ಮರ

ಗ್ರಂಥಾಲಯದಲ್ಲಿ ಸದ್ದು ಮಾಡಬಾರದು ಎಂಬ ಫಲಕವನ್ನು ಕೈಯಾರೆ ಬರೆದು ಗೋಡೆಗೆ ಹೊಡೆದವಳು ಗುಡುಗು ಮಿಸ್. ಆ ಫಲಕಕ್ಕೆ ಮೊಳೆ ಹೊಡೆಯುವಾಗ ಆಕೆ ಎಬ್ಬಿಸಿದ ಗದ್ದಲಕ್ಕೆ ಪಕ್ಕದ ಮೂರನೇ ತರಗತಿಯಲ್ಲಿ ಮಗ್ಗಿ ಹೇಳುತ್ತಿದ್ದವರೆಲ್ಲ ಏಳೆಂಟರ ಹತ್ತಿರ ನಿಂತುಬಿಟ್ಟರಂತೆ. ಗುಡುಗು ಎಂಬ ಹೆಸರು ಮಕ್ಕಳು ಇಟ್ಟದ್ದು. ಹೆತ್ತವರು ಇಟ್ಟದ್ದು ಹಾಜರಿ ಪುಸ್ತಕದಲ್ಲಿ ಇದೆ, ಅಲ್ಲೇ ಇರಲಿ. ಆ ಹೆಸರಿನಿಂದ ಕರೆದರೆ ಆಕೆಯೇ ತಿರುಗಿ ನೋಡುವುದಿಲ್ಲ. ಪಿಸುಗುಟ್ಟುವ ವಿದ್ಯೆ ಆಕೆಗೆ ಈ ಜನ್ಮದಲ್ಲಿ ಒಲಿಯಲಿಲ್ಲ.

ಪ್ರಾಥಮಿಕ ಶಾಲೆಯ ಉದ್ದನೆಯ ಜಗಲಿಯ ಕಟ್ಟಕಡೆಯ ಕೋಣೆ ಆಕೆಯದು. ಎರಡು ಕಿಟಕಿ, ಐದು ಕಪಾಟು, ಒಂದು ದೊಡ್ಡ ಚಾಪೆ, ಒಂದು ಕಾಲು ಗಿಡ್ಡವಾದ ಸ್ಟೂಲು. ಐದರಲ್ಲಿ ಒಂದು ಕಪಾಟಿನ ಬಾಗಿಲು ಮುಚ್ಚುವುದಿಲ್ಲ, ಮಡಿಸಿದ ಕಾಗದ ತುರುಕಿ ನಿಲ್ಲಿಸಬೇಕು. ಇಪ್ಪತ್ತೆರಡು ವರ್ಷದಿಂದ ಆಕೆ ಅದೇ ಕಾಗದವನ್ನು ತುರುಕುತ್ತ ಬಂದಿದ್ದಾಳೆ.

ಈ ಕೋಣೆಗೆ ತನ್ನದೇ ಪಂಚಾಂಗವಿತ್ತು. ಮಳೆಗಾಲದಲ್ಲಿ ಆಟದ ಮೈದಾನ ಕೆರೆಯಾಗುವುದರಿಂದ ಆಟದ ಪೀರಿಯಡ್ಡು ಪೂರ್ತಿ ಗ್ರಂಥಾಲಯಕ್ಕೆ ಬರುತ್ತಿತ್ತು. ಮಕ್ಕಳು ಒದ್ದೆ ಕಾಲುಚೀಲಗಳನ್ನು ಕಿಟಕಿಯ ಸರಳಿಗೆ ನೇತುಹಾಕಿ ಚಾಪೆಯ ಮೇಲೆ ಬಿದ್ದುಕೊಂಡು ಓದುತ್ತಿದ್ದರು. ಆ ನಾತದಲ್ಲಿ ಓದಿದವರು ಜೀವನದಲ್ಲಿ ಯಾವ ಕಷ್ಟಕ್ಕೂ ಹೆದರಬೇಕಾಗಿಲ್ಲ. ಚಳಿಗಾಲಕ್ಕೆ ಬಿಸಿಲೋದು. ಬೆಳಗಿನ ಬಿಸಿಲು ಜಗಲಿಯ ಮೇಲೆ ಒಂದು ಪಟ್ಟಿಯಷ್ಟೇ ಬೀಳುತ್ತಿತ್ತು, ಅದು ಸರಿದ ಹಾಗೆ ಓದುವವರ ಸಾಲೂ ಪುಸ್ತಕದಿಂದ ಕಣ್ಣೆತ್ತದೆ ಕುಂಡೆ ಎಳೆದುಕೊಂಡು ಸರಿಯುತ್ತಿತ್ತು. ಬೇಸಿಗೆಯಲ್ಲಿ ರಜೆಚೀಲ. ಬಟ್ಟೆಯ ಚೀಲದಲ್ಲಿ ಮೂರು ಪುಸ್ತಕ ಮನೆಗೆ ಹೋಗಬೇಕು, ಮೂರೂ ವಾಪಸ್ ಬರಬೇಕು. ಕಲೆಯಾಗಿದ್ದರೆ ಯಾವುದರ ಕಲೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದವರಿಗೆ ಬೈಗುಳವಿಲ್ಲ. ಮುಚ್ಚಿಟ್ಟವರಿಗೆ ಗುಡುಗು.

ಇದೆಲ್ಲಕ್ಕಿಂತ ಮೇಲೆ ಇದ್ದದ್ದು ಮರ. ಯಾರದೋ ಮನೆಗೆ ಬಂದ ಫ್ರಿಜ್ಜಿನ ರಟ್ಟಿನ ಡಬ್ಬ ಕತ್ತರಿಸಿ ಗೋಡೆಯಗಲ ಅಂಟಿಸಿದ ಕಾಂಡ, ಕೊಂಬೆ. ಪುಸ್ತಕ ಓದಿದ ಮಗು ಒಂದು ಕಾಗದದ ಎಲೆಯ ಮೇಲೆ ಒಂದೆರಡು ಮಾತು ಬರೆದು ಅಂಟಿಸಬೇಕು. ಮಳೆಗೆ ಹಸಿರು, ಚಳಿಗೆ ಹಳದಿ, ಬೇಸಿಗೆಗೆ ಕೆಂಪು ಎಲೆ. ಮೊದಲ ವರ್ಷ ನೂರಿಪ್ಪತ್ತು ಎಲೆ ಬಂದವು, ನೂರಿಪ್ಪತ್ತರಲ್ಲೂ ‘ಈ ಪುಸ್ತಕ ತುಂಬಾ ಚೆನ್ನಾಗಿದೆ, ನಾನು ನೀತಿ ಕಲಿತೆನು’ ಎಂದೇ ಬರೆದಿತ್ತು. ರೈಲಿನ ವೇಳಾಪಟ್ಟಿಯನ್ನು ಪುಸ್ತಕ ಅಂದುಕೊಂಡು ಒಯ್ದಿದ್ದ ಒಂದು ಮಹಾನುಭಾವ ಪಿಳ್ಳೆಯೂ ನೀತಿ ಕಲಿತಿತ್ತು. ಗುಡುಗು ಮಿಸ್‌ಗೆ ಪಿತ್ತ ನೆತ್ತಿಗೇರಿತು. ಇನ್ನು ಮೇಲೆ ಹೊಗಳಿಕೆ ತಂದವರ ಎಲೆ ತೆಗೆದುಕೊಳ್ಳುವುದೇ ಇಲ್ಲ, ತಕರಾರು ಇದ್ದರೆ ಮಾತ್ರ ತನ್ನಿ ಎಂದು ಕಟ್ಟಪ್ಪಣೆ ಮಾಡಿದಳು. ತಕರಾರು ತೆಗೆಯಬೇಕಾದರೆ ಓದಲೇಬೇಕಲ್ಲ. ಅವತ್ತಿನಿಂದ ಮಕ್ಕಳು ಓದತೊಡಗಿದರು, ಅದೂ ಹಲ್ಲು ಮಸೆದುಕೊಂಡು.

ಆಕೆಯ ಇನ್ನೊಂದು ಪದ್ಧತಿ ರಟ್ಟು ಹಾಕುವುದು. ಹೊಸ ಪುಸ್ತಕ ಬಂದ ದಿನವೇ ಕಂದು ಕಾಗದ ಸುತ್ತಿ ಬೆನ್ನಿನ ಮೇಲೆ ಹೆಸರು, ನಂಬರು ಬರೆದುಬಿಡುತ್ತಿದ್ದಳು. ಪುಸ್ತಕದ ಹೆಸರು ಮಾತ್ರ. ಬರೆದವರ ಹೆಸರಿಗೆ ಜಾಗ ಸಾಲದು, ಸಾಲಿದರೂ ಬೇಕಾಗಿಲ್ಲ, ಮಕ್ಕಳು ಓದುವುದು ಕಥೆಯನ್ನು, ಕಥೆಗಾರನನ್ನಲ್ಲ ಎಂಬುದು ಆಕೆಯ ವಾದ. ಈ ಜಂಬವೇ ಒಂದು ಮಳೆಗಾಲದಲ್ಲಿ ಕುತ್ತಿಗೆಗೆ ಬಂತು.

ಆ ವರ್ಷ ಹೊಸ ಪುಸ್ತಕ ಬಂದಿರಲಿಲ್ಲ. ಬಂದದ್ದು ಮೇಲಿನ ಕಚೇರಿಯಿಂದ ಒಂದೇ ಪುಸ್ತಕದ ನಲವತ್ತು ಪ್ರತಿ, ‘ಸನ್ಮಾರ್ಗದ ಮೊಲ’. ಐದು ಗಂಟೆಗೆ ಏಳುವ, ಹಲ್ಲುಜ್ಜುವ, ಕಂಡಕಂಡ ಪ್ರಾಣಿಗೆಲ್ಲ ಬುದ್ಧಿ ಹೇಳುವ ಮೊಲ. ನಾಲ್ಕು ಪುಟ ಓದುವಷ್ಟರಲ್ಲಿ ಗುಡುಗು ಮಿಸ್‌ಗೆ ಆಕಳಿಕೆ ಬಂತು. ಆದರೂ ಮಳೆ ಹಿಡಿದುಕೊಂಡಿತ್ತು, ಮಕ್ಕಳಿಗೆ ಏನಾದರೂ ಕೊಡಲೇಬೇಕಿತ್ತು. ಬರೆದವರು ಯಾರೆಂದು ಎಂದಿನಂತೆ ನೋಡದೆಯೇ ನಲವತ್ತಕ್ಕೂ ರಟ್ಟು ಹಾಕಿ ನಾಲ್ಕನೇ ತರಗತಿಗೆ ಹಂಚಿದಳು. ಎರಡು ವಾರದಲ್ಲಿ ಮರ ತುಂಬಿ ತುಳುಕಿತು.

ಅದೇ ಹೊತ್ತಿಗೆ ಆಕೆಯ ತಲೆಯ ಮೇಲೆ ಕತ್ತಿ ತೂಗತೊಡಗಿತು. ಶಾಲೆಗೆ ಆರು ಕಂಪ್ಯೂಟರು ಬರುವುದಿತ್ತು, ಅವಕ್ಕೊಂದು ಕೋಣೆ ಬೇಕಿತ್ತು. ಶಿಕ್ಷಣಾಧಿಕಾರಿಗಳು ಸ್ವತಃ ಬಂದು ಗ್ರಂಥಾಲಯ ನೋಡುತ್ತಾರೆ, ಉಪಯೋಗವಿಲ್ಲ ಅನ್ನಿಸಿದರೆ ಪುಸ್ತಕಗಳು ಗೋಣಿಚೀಲಕ್ಕೆ, ಗುಡುಗು ಮಿಸ್ ಎರಡು ಬಸ್ಸಿನಾಚೆಯ ದಾಖಲೆ ಕೋಣೆಗೆ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಮಕ್ಕಳ ಕಾಲುಚೀಲ ಹೋಗಲಿ, ನೊಣ ಕೂಡ ಬರುವುದಿಲ್ಲವೆಂದು ಅಲ್ಲಿದ್ದು ಬಂದವರು ಹೇಳಿದ್ದರು. ಅದನ್ನು ಕೇಳಿದಾಗಿನಿಂದ ಆಕೆಗೆ ಅನ್ನ ಸೇರುತ್ತಿರಲಿಲ್ಲ.

ಅಧಿಕಾರಿ ಬರುವ ಹಿಂದಿನ ದಿನ ಹೆಡ್‌ಮಾಸ್ಟರು ಕೋಣೆ ನೋಡಲು ಬಂದರು. ಮೀಸೆಗೆ ತಪ್ಪದೆ ಕಪ್ಪು ಬಳಿಯುವ, ಮೇಲಿನವರ ಹೆಸರೆತ್ತಿದರೆ ಕೂತಲ್ಲೇ ಎದ್ದು ನಿಲ್ಲುವ ಮನುಷ್ಯ. ಕನ್ನಡಕ ಏರಿಸಿಕೊಂಡು ಎಲೆ ಓದತೊಡಗಿದರು. ‘ಈ ಮೊಲ ಐದು ಗಂಟೆಗೆ ಏಳುತ್ತದೆ, ಅದಕ್ಕೇ ಅದಕ್ಕೆ ಸ್ನೇಹಿತರಿಲ್ಲ.’ ‘ನರಿ ಮೊಲವನ್ನು ತಿನ್ನುತ್ತದೆ ಅಂತ ಕೊನೆಯವರೆಗೂ ಕಾದೆ, ತಿನ್ನಲಿಲ್ಲ.’ ‘ಚಿತ್ರದ ಮೊಲಕ್ಕೆ ನಮ್ಮ ಹೆಡ್‌ಮಾಸ್ಟರ ಹಾಗೆ ಮೀಸೆ ಇದೆ.’ ಮೂರನೆಯದಕ್ಕೆ ಅವರ ಮುಖ ಕೆಂಪಾಯಿತು. ಆಮೇಲೆ ಏನೋ ಹೊಳೆದು ಬಿಳಿಚಿಕೊಂಡಿತು. ಒಂದು ಪ್ರತಿಯನ್ನು ಎಳೆದುಕೊಂಡು ಪರಪರನೆ ಕಂದು ಕಾಗದ ಹರಿದರು. ಒಳಗಿನ ಹೊದಿಕೆಯ ಮೇಲೆ ನಾಳೆ ಬರಲಿರುವ ಸಾಹೇಬರ ಹೆಸರು ದಪ್ಪಕ್ಷರದಲ್ಲಿತ್ತು. ಹಿಂಬದಿಯಲ್ಲಿ ಫೋಟೋ ಬೇರೆ.

 ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಗುಡುಗು ಮಿಸ್‌ಳ ಗಂಟಲಿನಿಂದ ಸದ್ದು ಹೊರಡಲಿಲ್ಲ. ಹೆಡ್‌ಮಾಸ್ಟರೇ ದಾರಿ ಹೇಳಿದರು. ಆ ಎಲೆಗಳೆಲ್ಲ ಇಳಿಯಬೇಕು, ಐದನೇ ತರಗತಿಯವರಿಂದ ಹೊಸ ಎಲೆ ಬರೆಸುತ್ತೇನೆ, ಒಕ್ಕಣೆ ನಾನೇ ಹೇಳುತ್ತೇನೆ ಎಂದರು. ಹೇಳಿದ ಒಕ್ಕಣೆ ಏನೆಂದು ಬೇರೆ ಹೇಳಬೇಕಾಗಿಲ್ಲ. ನೀತಿ ಕಲಿತವರ ಸಂಖ್ಯೆ ಒಂದೇ ಪೀರಿಯಡ್ಡಿನಲ್ಲಿ ನಲವತ್ತಕ್ಕೆ ಏರಿತು.

ಸಂಜೆ ಮನೆಗೆ ಹೋಗಿ ಗಂಡನ ಮುಂದೆ ಎಲ್ಲ ಹೇಳಿಕೊಂಡಳು. ಗಂಡ ಗಡಿಯಾರ ರಿಪೇರಿಯವನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಊಟಕ್ಕೆ ಕೂರುವ ಆಸಾಮಿ. “ಕಿತ್ತುಹಾಕು ಮಾರಾಯ್ತಿ, ಕಾಗದ ತಾನೇ,” ಎಂದ. ಅವನು ಹಾಗೆ ಮಾಡಬೇಡ ಅನ್ನಲಿ ಎಂದು ಆಕೆ ಒಳಗೊಳಗೇ ಕಾಯುತ್ತಿದ್ದಳು. ಅನ್ನಲಿಲ್ಲವೆಂದು ಅವನ ಮೇಲೆ ಉರಿದುಬಿದ್ದು, ತನಗೆ ಇನ್ನೂ ಏಳು ವರ್ಷ ನೌಕರಿ ಇದೆ, ದಾಖಲೆ ಕೋಣೆಯಲ್ಲಿ ಸತ್ತರೆ ಅವನೇ ಬಂದು ಹೊತ್ತುಕೊಂಡು ಹೋಗಲಿ ಎಂದೆಲ್ಲ ಕೂಗಾಡಿದಳು. ಅವನು ಮುಳ್ಳೊಂದನ್ನು ಚಿಮುಟದಲ್ಲಿ ಹಿಡಿದವನು ಹಿಡಿದ ಹಾಗೇ ಕೇಳಿಸಿಕೊಂಡ.

ಮರುದಿನ ಬೆಳಗ್ಗೆ ಬೇಗ ಹೋಗಿ ಆಕೆಯೇ ಎಲೆಗಳನ್ನು ಇಳಿಸಿದಳು. ಒಂದೊಂದೂ ಗೋಂದು ಬಿಡದೆ ರಟ್ಟಿನ ಸಿಪ್ಪೆ ಕಿತ್ತುಕೊಂಡು ಬಂತು. ಕಸದ ಬುಟ್ಟಿಗೆ ಹಾಕಲು ಕೈ ಬರಲಿಲ್ಲ. ಊಟದ ಡಬ್ಬಿಯ ಮೇಲಿನ ಖಾನೆ ಖಾಲಿ ಇತ್ತು, ಅದರೊಳಗೆ ಒತ್ತಿ ತುರುಕಿ ಮುಚ್ಚಳ ಹಾಕಿ, ಐದನೇ ತರಗತಿಯವರ ಎಲೆಗಳನ್ನು ಮರಕ್ಕೆ ಅಂಟಿಸಿದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸಾಹೇಬರು ಹನ್ನೊಂದಕ್ಕೆ ಬಂದರು. ರಾಕ್ಷಸನೇನಲ್ಲ, ಒದ್ದೆ ಬೂಟಿನ, ನಿದ್ದೆಗೆಟ್ಟ ಕಣ್ಣಿನ ಬಡಕಲು ಮನುಷ್ಯ. ಛತ್ರಿಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕಂಕುಳಲ್ಲೇ ಇಟ್ಟುಕೊಂಡು ಮರದ ಮುಂದೆ ನಿಂತರು. ನಾಲ್ಕು ಎಲೆ ಓದಿದರು, ಐದನೆಯದಕ್ಕೆ ಬಿಟ್ಟರು. ಹತ್ತೊಂಬತ್ತು ಶಾಲೆ ನೋಡಿಯಾಯಿತು, ಎಲ್ಲ ಕಡೆಯೂ ಇದೇ ವಾಕ್ಯ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ತರಗತಿಗೆ ಒಂದು ಕಪಾಟು ಇಟ್ಟರೆ ಸಾಕಲ್ಲ, ಇದಕ್ಕೆ ಬೇರೆ ಕೋಣೆ ಯಾಕೆ ಎಂದು ಹೆಡ್‌ಮಾಸ್ಟರನ್ನು ಕೇಳುತ್ತ ಫೈಲು ತೆರೆದು ಪೆನ್ನಿನ ಮುಚ್ಚಳ ತೆಗೆದರು. ಹೆಡ್‌ಮಾಸ್ಟರು ಹೌದು ಸಾರ್ ಎಂದು ತಲೆಯಾಡಿಸಿದರು. ಅವರು ಯಾವುದಕ್ಕೂ ಹಾಗೇ ತಲೆಯಾಡಿಸುತ್ತಿದ್ದರು.

ಅಷ್ಟರಲ್ಲಿ ನಾಲ್ಕನೇ ತರಗತಿಯ ಆಟದ ಪೀರಿಯಡ್ಡು ಕಾಲುಚೀಲ ಹಿಂಡಿಕೊಂಡು ಒಳಗೆ ನುಗ್ಗಿತು. ಮುಂದೆ ಇದ್ದವಳು ಎರಡು ಜಡೆಯ ಒಂದು ಹುಡುಗಿ. ಉಸಿರಿಗೊಂದು ಯಾಕೆ ಕೇಳುತ್ತಿದ್ದುದರಿಂದ ಶಾಲೆಗೆಲ್ಲ ಅವಳು ಯಾಕಮ್ಮ. ಒಳಗೆ ಬಂದವಳೇ ಮರದ ಕಡೆ ನೋಡಿ ನಿಂತುಬಿಟ್ಟಳು.

“ಮಿಸ್, ನನ್ನ ಎಲೆ ಎಲ್ಲಿ?”

ಗಾಳಿಗೆ ಬಿದ್ದುಹೋಯಿತು ಎನ್ನುವ ಸುಳ್ಳು ಗುಡುಗು ಮಿಸ್‌ಳ ನಾಲಿಗೆಯ ತುದಿಗೆ ಬಂದು ಕೂತಿತ್ತು. ಆಕೆ ಅದನ್ನು ಉಗುಳುವ ಮೊದಲೇ ಹುಡುಗಿ ಮಂಡಿಯೂರಿ ಚಾಪೆ ಎತ್ತಿ ಹುಡುಕತೊಡಗಿದಳು, ಕಪಾಟಿನ ಕೆಳಗೆ ಕೈ ಹಾಕಿದಳು. ಧೂಳು ಮೆತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ, “ನಾನೇ ಗೋಂದು ಕಮ್ಮಿ ಹಾಕಿದ್ನೇನೋ ಮಿಸ್,” ಎಂದಳು.

ಅದನ್ನು ಮಾತ್ರ ಗುಡುಗು ಮಿಸ್‌ಗೆ ತಡೆಯಲಾಗಲಿಲ್ಲ. ತನ್ನ ಹೇಡಿತನಕ್ಕೆ ಈ ಚೋಟುದ್ದದ ಹುಡುಗಿ ತಪ್ಪು ಹೊತ್ತುಕೊಳ್ಳುತ್ತಿದೆ! ಹೋದರೆ ಹೋಗಲಿ ಕೋಣೆ, ದಾಖಲೆಗಳ ನಡುವೆಯೇ ಕೊಳೆಯುತ್ತೇನೆ ಎಂದುಕೊಂಡು ಮೇಜಿನ ಮೇಲಿನ ಊಟದ ಡಬ್ಬಿಯನ್ನು ಟಪ್ಪೆಂದು ತೆರೆದಳು.

“ನೀನು ಗೋಂದು ಸರಿಯಾಗೇ ಹಾಕಿದ್ದೆ ಕಣೇ. ಕಿತ್ತಿದ್ದು ನಾನು. ಸಾರ್, ನಿಜವಾದ ಎಲೆ ಇವು. ಗೋಡೆ ಮೇಲಿರೋದು ಹೆದರಿಕೊಂಡು ಬರೆಸಿದ್ದು.”

ಆ ದನಿ ಆಚೆಯ ಬೀದಿಯವರೆಗೆ ಕೇಳಿಸಿರಬೇಕು. ಹೆಡ್‌ಮಾಸ್ಟರು ಗೋಡೆ ಹಿಡಿದುಕೊಂಡರು. ಸಾಹೇಬರು ಡಬ್ಬಿಯಿಂದ ಒಂದೊಂದೇ ಎಲೆ ತೆಗೆದು ಓದಿದರು. ನರಿ ತಿನ್ನಲಿಲ್ಲ ಎಂಬುದನ್ನು ಓದಿದರು, ಸ್ನೇಹಿತರಿಲ್ಲ ಎಂಬುದನ್ನು ಓದಿದರು. ಮೀಸೆಯದನ್ನು ಓದಿ ಒಮ್ಮೆ ಹೆಡ್‌ಮಾಸ್ಟರ ಕಡೆ ನೋಡಿದರು. ಆಮೇಲೆ ಒಂದು ಎಲೆಯಲ್ಲಿ ನಿಂತರು. ಅದರಲ್ಲಿ ಹೀಗೆ ಬರೆದಿತ್ತು: ‘ಹನ್ನೊಂದನೇ ಪುಟದಲ್ಲಿ ಅಜ್ಜಿ ಮೊಲ ಸತ್ತಾಗ ನಾನು ತುಂಬಾ ಅತ್ತುಬಿಟ್ಟೆ. ಮೂವತ್ತನೇ ಪುಟದಲ್ಲಿ ಅದೇ ಅಜ್ಜಿ ಬಂದು ಬುದ್ಧಿ ಹೇಳುತ್ತದೆ. ನನ್ನ ಅಳು ದಂಡವಾಯಿತು.’

ಬರೆದವರು ಯಾರೆಂದು ಕೇಳಿದರು. ಯಾಕಮ್ಮ ಕೈ ಎತ್ತಿದಳು. ಸಾಹೇಬರು ಛತ್ರಿಯನ್ನು ಕಪಾಟಿಗೆ ಒರಗಿಸಿ ಸ್ಟೂಲು ಎಳೆದು ಕೂತರು. ಅದು ವಾಲಿತು, ಸಾವರಿಸಿಕೊಂಡರು.

“ಅದು ಬೇರೆ ಅಜ್ಜಿ ಕಣಮ್ಮ. ತಾಯಿ ಕಡೆಯವಳು.”

“ಮತ್ತೆ ಅದೇ ಒಡೆದ ಕನ್ನಡಕ ಯಾಕೆ ಹಾಕ್ಕೊಂಡಿದೆ ಸಾರ್?”

ಸಾಹೇಬರು ತಮ್ಮ ಪುಸ್ತಕ ಬಿಡಿಸಿ ಹನ್ನೊಂದಕ್ಕೆ ಹೋದರು, ಮೂವತ್ತಕ್ಕೆ ಬಂದರು, ಮತ್ತೆ ಹನ್ನೊಂದಕ್ಕೆ ಹೋದರು. ಕನ್ನಡಕ ಅದೇ ಆಗಿತ್ತು.  ಆಮೇಲೆ ಕೇಳಿದ ದನಿ ಅಧಿಕಾರಿಯದಾಗಿರಲಿಲ್ಲ.

“ನಿಜವಾಗ್ಲೂ ಅತ್ತೆಯಾ?”

“ಅಜ್ಜಿ ಸತ್ರೆ ಅಳಲ್ವಾ ಸಾರ್?” ಎಂದಳು ಯಾಕಮ್ಮ, ಇದೆಂಥ ಪ್ರಶ್ನೆ ಎಂಬ ಹಾಗೆ.

ಆ ಎಲೆಯನ್ನು ತಾನು ಇಟ್ಟುಕೊಳ್ಳಲೇ ಎಂದು ಸಾಹೇಬರು ಕೇಳಿದರು. ಅದು ಮರದ್ದು, ಕೊಡಲಾಗುವುದಿಲ್ಲ ಎಂದಳು ಹುಡುಗಿ. ಸಾಹೇಬರು ಕಿಸೆಯ ಪುಸ್ತಕದಲ್ಲಿ ಅದನ್ನು ಅಕ್ಷರಶಃ ಬರೆದುಕೊಂಡು, ಫೈಲಿಗೆ ಸಹಿ ಹಾಕದೆ ಹೊರಟುಹೋದರು. ಛತ್ರಿ ಮರೆತರು.

ಮೂರು ವಾರ ಹೆಡ್‌ಮಾಸ್ಟರು ಆಕೆಯೊಡನೆ ಮಾತಾಡಲಿಲ್ಲ. ಮೂರು ವಾರ ಆಕೆಗೆ ನಿದ್ದೆಯೂ ಬರಲಿಲ್ಲ. ಆಮೇಲೆ ಕಾಗದ ಬಂತು. ಮುಂದಿನ ಆದೇಶದವರೆಗೆ ಗ್ರಂಥಾಲಯ ಇದ್ದಲ್ಲೇ ಇರತಕ್ಕದ್ದು, ಕಂಪ್ಯೂಟರುಗಳಿಗೆ ಹೆಡ್‌ಮಾಸ್ಟರ ಕೋಣೆಯ ಅರ್ಧಭಾಗವನ್ನು ಬಿಟ್ಟುಕೊಡತಕ್ಕದ್ದು. ಗುಡುಗು ಮಿಸ್ ಅದನ್ನು ಓದಿ ಕಪಾಟಿನ ಮರೆಗೆ ಹೋಗಿ ಗಳಗಳನೆ ಅತ್ತಳು. ಅದೂ ಮೂರನೇ ತರಗತಿಗೆ ಕೇಳಿಸಿತು.

ಚಳಿಗಾಲದಲ್ಲಿ, ಬಿಸಿಲೋದು ಶುರುವಾದ ವಾರ, ಒಂದು ಕಟ್ಟು ಬಂತು. ‘ಸನ್ಮಾರ್ಗದ ಮೊಲ’, ಪರಿಷ್ಕರಿಸಿದ ಎರಡನೇ ಮುದ್ರಣ, ನಲವತ್ತು ಪ್ರತಿ. ಕರ್ಮ ಕರ್ಮ ಎಂದು ಹಣೆ ಬಡಿದುಕೊಂಡು ಗುಡುಗು ಮಿಸ್ ಮತ್ತೆ ಕಂದು ಕಾಗದ ಕತ್ತರಿಸಲು ಕೂತಳು. ಯಾಕಮ್ಮ ರಟ್ಟು ಹಾಕುವವರೆಗೂ ಕಾಯದೆ ಒಂದನ್ನು ಎತ್ತಿಕೊಂಡು ಜಗಲಿಗೆ ಓಡಿದಳು. ಮಧ್ಯಾಹ್ನದ ಹೊತ್ತಿಗೆ ಬಿಸಿಲಿನ ಪಟ್ಟಿಯ ಜೊತೆ ಸರಿಯುತ್ತ ಸರಿಯುತ್ತ ಗ್ರಂಥಾಲಯದ ಬಾಗಿಲವರೆಗೆ ಬಂದಿದ್ದಳು, ಕಣ್ಣು ಕೆಂಪಗಿತ್ತು. ಹಳದಿ ಎಲೆ ಕೇಳಿ ಬರೆದು ಕೊಟ್ಟಳು.

‘ಈ ಸಲ ಅಜ್ಜಿ ಸತ್ತು ಸತ್ತೇ ಇದೆ. ಆದರೆ ಮೊಲ ಮರುದಿನವೂ ಐದು ಗಂಟೆಗೆ ಎದ್ದು ಹಲ್ಲುಜ್ಜುತ್ತದೆ. ಅವತ್ತು ಒಂದು ದಿನವಾದರೂ ಮಲಗಿರಬಾರದಿತ್ತಾ?’

ಗುಡುಗು ಮಿಸ್ ಅದನ್ನು ಎರಡು ಸಲ ಓದಿದಳು. ಗಿಡ್ಡಗಾಲಿನ ಸ್ಟೂಲನ್ನು ಗೋಡೆಗೆ ಒತ್ತಿ ನಿಲ್ಲಿಸಿ ಹತ್ತಿದಳು. ಬಾಗಿಲಲ್ಲಿ ನಿಂತ ಹೆಡ್‌ಮಾಸ್ಟರು ಅಲ್ಲಿಂದಲೇ ಓದಿಕೊಂಡು, ಸಾಹೇಬರು ಛತ್ರಿಗೆಂದು ಬಂದರೂ ಬರಬಹುದು, ಅಷ್ಟು ಮೇಲೆ, ಬಾಗಿಲಿಗೆ ಎದುರಾಗಿ ಯಾಕೆ ಎಂದು ಕೇಳಿದರು.

“ಬರ್ಲಿ ಸಾರ್. ಅವರಿಗೇ ಬರೆದಿರೋದು.”

ಈ ಸಲ ಗೋಂದನ್ನು ಆಕೆಯೇ ಹಚ್ಚಿದಳು, ದಪ್ಪಗೆ.