ಬೇರೆ ಮನೆಯ ಅಡ್ಡಹೆಸರು

ಬಂಗಾಳದ ಖರಗಪುರದ ಬಾಡಿಗೆ ಮನೆಯಲ್ಲಿ ಮೊದಲ ಬೆಳಗು. ಬಾಗಿಲು ತೆರೆದರೆ ಮನೆಯೊಡತಿ ತಟ್ಟೆಯಲ್ಲಿ ಒಂದು ಹಸಿ ಮೀನು ಹಿಡಿದು ನಿಂತಿದ್ದಾಳೆ. ಮೀನಿನ ಹಣೆಗೆ ಕುಂಕುಮ! ಹೊಸದಾಗಿ ಬಂದವರಿಗೆ ಶುಭವಾಗಲಿ ಎಂದಂತೆ. ನಾನೋ ರಾಮದುರ್ಗ ತಾಲೂಕಿನ ಸಾಲಹಳ್ಳಿಯವಳು, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಬಾಗಿಲು ಹಾಕಿಕೊಂಡು ಮಧ್ಯಾಹ್ನದವರೆಗೆ ಅಳುತ್ತ ಕೂತೆ. ರೈಲ್ವೆ ನೌಕರರಾದ ನನ್ನ ಗಂಡ "ಹೊಂದ್ಕೋಬೇಕು" ಎಂದಷ್ಟೇ ಹೇಳಿ ಡ್ಯೂಟಿಗೆ ಹೋದರು. ತೊಂಬತ್ತರ ದಶಕದ ಆರಂಭದ ಮಾತಿದು.

ಹೊಂದಿಕೊಂಡೆ. ಮನೆಯೊಡತಿಯನ್ನು ಬೌದಿ, ಅಂದರೆ ಅತ್ತಿಗೆ, ಎಂದು ಕರೆಯಲು ಕಲಿತೆ. ಇಲ್ಲಿಯ ಚುರುಮುರಿ ತಿನಿಸು ಝಾಲ್‌ಮುರಿ ನಮ್ಮ ಗಿರಮಿಟ್ಟೇ, ಸಾಸಿವೆ ಎಣ್ಣೆಯ ಘಾಟು ತಡೆದುಕೊಂಡರೆ. ಜೋಳ ಮಾತ್ರ ಹಕ್ಕಿಗೆ ಹಾಕುವಂಥದ್ದು ಸಿಗುತ್ತದೆ, ರೊಟ್ಟಿ ಏಳುವುದಿಲ್ಲ. ಎಲ್ಲರಿಗೂ ನಾನು 'ಮದ್ರಾಸಿ'. ಬೆಳಗಾವಿ ಎಲ್ಲಿದೆಯೆಂದು ಹೇಳಿ ಹೇಳಿ ಸಾಕಾಗಿ ಕೊನೆಗೆ ಹೂಂ ಎಂದುಬಿಟ್ಟೆ.

ಕಲ್ಕತ್ತೆಯಲ್ಲಿ ಕೊಂಡ ಸಣ್ಣ ಕ್ಯಾಮೆರಾ ಒಂದೇ ನನ್ನ ಸುಖವಾಗಿತ್ತು. ತವರಿಗೆ ಹೋದಾಗಲೆಲ್ಲ ನಮ್ಮ ತೋಟದ ಫೋಟೊ ತೆಗೆಯುತ್ತಿದ್ದೆ: ಮೆಟ್ಟಿಲ ಬಾವಿ, ಹುಣಸೆಮರ, ಮಣ್ಣಿನ ಮಾಳಿಗೆಯ ತೋಟದ ಮನೆ, ಎತ್ತಿನ ಕೋಡಿಗೆ ಬಣ್ಣ ಬಳಿಯುತ್ತ ಕೂತ ಅಪ್ಪ. ಪ್ರತಿ ಮಾಡಿಸಿ ಅಣ್ಣನಿಗೆ, ಬೈಲಹೊಂಗಲದ ಕಾಕಾನಿಗೆ, ಕಿತ್ತೂರಿನಲ್ಲಿರುವ ಇನ್ನೊಬ್ಬ ಕಾಕಾನ ಹೆಂಡತಿ ನೀಲವ್ವ ಚಿಗವ್ವನಿಗೆ ಅಂಚೆಯಲ್ಲಿ ಕಳಿಸುತ್ತಿದ್ದೆ. ದೂರ ಹೋದವಳನ್ನು ಮರೆಯದಿರಲಿ ಎಂಬ ಆಸೆ, ಮತ್ತೇನಿಲ್ಲ.

ಅಪ್ಪ ತೀರಿಕೊಂಡ ಕೆಲ ವರ್ಷಗಳಿಗೆ ಅಣ್ಣ ಆ ಮಣ್ಣಿನ ಮನೆ ಕೆಡವಿ ಸ್ಲ್ಯಾಬ್ ಹಾಕಿಸಿದ. ಹಳೆಯದರ ನೆನಪಿಗೆ ಎಲ್ಲರ ಹತ್ತಿರದ ಫೋಟೊ ಕೂಡಿಸಿ ಪುಸ್ತಕ ಮಾಡಿಸುವುದಾಗಿ ಫೋನಿನಲ್ಲಿ ಹೇಳಿದ.

"ಯಾರ ಫೋಟೊ ಅವರ ಹೆಸರ ಕೆಳಗ ಬರ್ತೈತಿ. ನಿನ್ನೂ ಎಲ್ಲಾ ಬಂದಾವು, ಮತ್ತ ಕಳಸೂದ ಬ್ಯಾಡ."

ನಮ್ಮ ತೋಟದ ಕೆಳಗೆ ನನ್ನ ಹೆಸರು ಅಚ್ಚಾಗುತ್ತದೆ ಎಂದು ಬೌದಿಗೂ ಅಕ್ಕಪಕ್ಕದವರಿಗೂ ಹೇಳಿಕೊಂಡು ತಿರುಗಿದೆ. ಊರಿಲ್ಲದ ಮದ್ರಾಸಿಗೂ ಒಂದು ಊರಿದೆಯೆಂದು ತೋರಿಸಬೇಕಿತ್ತು.

ಪುಸ್ತಕ ಬಂತು. ಬಾವಿಯ ಕೆಳಗೆ 'ಫೋಟೊ: ನೀಲವ್ವ', ಮುಂದೆ ನಮ್ಮ ಮನೆತನದ ಅಡ್ಡಹೆಸರು. ಚಿಗವ್ವ ಜನ್ಮದಲ್ಲಿ ಕ್ಯಾಮೆರಾ ಮುಟ್ಟಿದವಳಲ್ಲ. ಹುಣಸೆಮರ ಕಾಕಾನ ಪಾಲಿಗೆ, ಅಪ್ಪ ಮತ್ತು ಎತ್ತು ಅಣ್ಣನ ಪಾಲಿಗೆ. ಯಾರ ಟ್ರಂಕಿನಿಂದ ಬಂತೋ ಅವರೇ ತೆಗೆದವರು! ಯಾವಾಗಲೂ ಕ್ಯಾಮೆರಾದ ಹಿಂದೆ ನಿಂತವಳಾದ್ದರಿಂದ ಒಂದು ಚಿತ್ರದೊಳಗೂ ನಾನಿಲ್ಲ. ಕೂಡಲೇ ಫೋನ್ ಹಚ್ಚಿದೆ.

"ಅಣ್ಣಾ, ಇವೆಲ್ಲಾ ನಾ ತಗದದ್ದು."

"ಗೊತ್ತೈತೆವಾ. ನಿನ್ನ ಹೆಸರ ಹಾಕಿದ್ರ ನಿನ್ನ ಗಂಡನ ಅಡ್ಡಹೆಸರ ಬರ್ತೈತಿ. ನಮ್ಮ ಮನೆತನದ ಪುಸ್ತಕದಾಗ ಬ್ಯಾರೆ ಮನಿ ಅಡ್ಡಹೆಸರ ಹ್ಯಾಂಗ ಹಾಕ್ಲಿ? ಮಂದಿ ಏನಂದಾರು?"

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಚಿಕ್ಕಂದಿನಿಂದ ಕೇಳಿದ್ದೆ, ನನ್ನ ಅಣ್ಣನ ಬಾಯಲ್ಲಿ ಕೇಳುತ್ತೇನೆಂದುಕೊಂಡಿರಲಿಲ್ಲ. ಸವದತ್ತಿಯಿಂದ ಸೊಸೆಯಾಗಿ ಬಂದ ಚಿಗವ್ವ ಮನೆಯವಳು. ಆ ತೋಟದಲ್ಲಿ ಆಡಿ ಬೆಳೆದ ನಾನು ಹೊರಗಿನವಳು.

ಮಳೆಗಾಲಕ್ಕೆ ಮುಂಚೆ ಅವನೇ ಫೋನ್ ಮಾಡಿದ. ಹೊಸ ಮನೆಯ ಪಡಸಾಲೆಗೆ ಅಪ್ಪನ ಫೋಟೊ ದೊಡ್ಡದು ಮಾಡಿಸಬೇಕಿತ್ತು.

"ನೆಗೆಟಿವ್ ನಿನ್ನ ಹಂತ್ಯಾಕ ಅದಾವಲ್ಲ?"

"ಅದಾವಣ್ಣಾ. ಆದ್ರ ಬ್ಯಾರೆ ಮನ್ಯಾಗ ಅದಾವು. ನಿಮ್ಮ ಪಡಸಾಲ್ಯಾಗ ಹ್ಯಾಂಗ ಹಾಕ್ತೀರಿ? ಮಂದಿ ಏನಂದಾರು?"

ಅವನು ಫೋನ್ ಇಟ್ಟ.

ಆ ವರ್ಷ ನಾಗರ ಪಂಚಮಿಗೆ ಕರೆ ಬರಲಿಲ್ಲ. ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಹಬ್ಬ ಅದು. ನಾನು ಎಷ್ಟೇ ದೂರವಿದ್ದರೂ ಅಣ್ಣ ಒಂದು ವರ್ಷವೂ ತಪ್ಪಿಸಿರಲಿಲ್ಲ. ನೆಗೆಟಿವ್ ಕಳಿಸಿಬಿಡಬೇಕಿತ್ತು ಎಂದು ಅನ್ನಿಸಲೇ ಇಲ್ಲ ಎಂದರೆ ಸುಳ್ಳಾದೀತು. ಆದರೂ ಕಳಿಸಲಿಲ್ಲ. ನಾನೇ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಒಂದು ಡಬ್ಬಿ ಬೌದಿಗೆ ಕೊಟ್ಟೆ.

ಅವಳು ತಿನ್ನುತ್ತ ತನ್ನ ಭಾಷೆಯಲ್ಲಿ ಕೇಳಿದಳು, ತವರಿನಿಂದ ಬಂದದ್ದೇ ಎಂದು.

ಹೌದು ಎಂದೆ.