ಗಡಿಯಲ್ಲಿ ಅಕ್ಕನ ಫೋಟೋ

ಹೊರಗಿನವರಿಗೆ ಬಾಗಿಲು ಮುಚ್ಚಿಕೊಂಡ ಆ ದೇಶದಿಂದ ಹೊರಡುವಾಗ ಗಡಿಯ ಅಧಿಕಾರಿ ನನ್ನ ಫೋನು ಹಿಡಿದು ಕೂತ. ನಾನು ತೆಗೆದ ಫೋಟೋಗಳಲ್ಲಿ ದೊಡ್ಡ ದೊಡ್ಡ ಪ್ರತಿಮೆಗಳನ್ನು ಉಳಿಸಿದ. ಬೀದಿಯಲ್ಲಿ ಸೊಪ್ಪಿನ ಹೊರೆ ಹೊತ್ತಿದ್ದ ಹೆಂಗಸನ್ನು ಅಳಿಸಿದ. ಮುಂದಿನದು ತಮಿಳುನಾಡಿನ ನಮ್ಮ ರಾಯಕೋಟೆ ಸಂತೆಯಲ್ಲಿ ಟೊಮ್ಯಾಟೊ ಮಾರುತ್ತಿರುವ ನನ್ನ ಅಕ್ಕ. ಅದನ್ನೂ ಅಳಿಸಲು ಬೆರಳೆತ್ತಿದ.

“ಅಯ್ಯೋ, ಅದು ನಮ್ಮೂರ್ದು! ಹಿಂದ್ಗಡೆ ತಮಿಳು ಬೋರ್ಡ್ ಐತಲ್ಲ, ತೋರ್ಸಿ ಅವ್ನಿಗೆ,” ಎಂದು ಹೆಂಡತಿ ಚಡಪಡಿಸಿದಳು. ತೋರಿಸಿದೆ.

ಅವನು ಬೋರ್ಡು ಬಿಟ್ಟು ಅಕ್ಕನ ಮುಖವನ್ನೇ ದೊಡ್ಡದು ಮಾಡಿ ನೋಡಿದ. ಹರಕು ಇಂಗ್ಲಿಷಿನಲ್ಲಿ ಕೇಳಿದ: “ಈಕೆ ಯಾಕೆ ನಗುತ್ತಿಲ್ಲ?”

“ಬಿಸ್ಲಲ್ಲಿ ಟಮಾಟೊ ಮಾರ್ತಾ ಯಾರ್ ನಗ್ತಾರೆ?” ಎಂದಳು ಹೆಂಡತಿ.

ಯಾವ ಉತ್ತರ ಕೊಟ್ಟರೆ ಅಕ್ಕ ಉಳಿಯುತ್ತಾಳೋ ನನಗೆ ತಿಳಿಯಲಿಲ್ಲ. ಫೋನು ವಾಪಸು ಕೇಳಿ, ಅವಳು ನಗುತ್ತಿರುವ ಫೋಟೋ ಎಲ್ಲಾದರೂ ಇದೆಯೇ ಎಂದು ಹುಡುಕತೊಡಗಿದೆ.